ಅರ್ಧ ಗೇಣಿನ ವ್ಯಾಪಾರ

ಮಂಡಿ ನೋವಿರುವ ಹಿರಿಯರೊಬ್ಬರು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಿಂದ ಇಳಿಯುವುದನ್ನು ಒಮ್ಮೆ ಗಮನಿಸಿ. ಮೊದಲು ಒಂದು ಕಾಲು ಹೊರಗಿಡುತ್ತಾರೆ. ಆಮೇಲೆ ಬಾಗಿಲ ಚೌಕಟ್ಟು ಹಿಡಿದು, ಮುಂದಕ್ಕೆ ಬಾಗಿ, ‘ಅಮ್ಮಾ’ ಎನ್ನುತ್ತಾ ಮೇಲೇಳುತ್ತಾರೆ. ಅವರೇ ಕಾಂಪ್ಯಾಕ್ಟ್ ಎಸ್‌ಯುವಿಯಲ್ಲಿ ಕೂತಿದ್ದರೆ ಪಕ್ಕಕ್ಕೆ ತಿರುಗುತ್ತಾರೆ, ಕಾಲು ನೆಲಕ್ಕಿಡುತ್ತಾರೆ, ಸುಮ್ನೆ ಎದ್ದು ನಿಲ್ಲುತ್ತಾರೆ.

ಕೂತವರ ಸೊಂಟದ ಕೀಲು ನೆಲದಿಂದ ಎಷ್ಟು ಮೇಲಿದೆ ಎಂಬುದನ್ನು ಕಾರು ವಿನ್ಯಾಸ ಮಾಡುವವರು ‘ಎಚ್-ಪಾಯಿಂಟ್’ ಲೆಕ್ಕದಲ್ಲಿ ಅಳೆಯುತ್ತಾರೆ. ಮಾಮೂಲಿ ಕಾರಿನಲ್ಲಿ ಅದು ಸುಮಾರು 50–55 ಸೆಂ.ಮೀ. ಕಾಂಪ್ಯಾಕ್ಟ್ ಎಸ್‌ಯುವಿಯಲ್ಲಿ 60–65. ನಮ್ಮ ಮಂಡಿ ಇರುವುದು ನೆಲದಿಂದ ಸುಮಾರು 50 ಸೆಂ.ಮೀ. ಮೇಲೆ. ಸೊಂಟ ಮಂಡಿಯ ಮಟ್ಟದಲ್ಲಿದ್ದರೆ ಇಡೀ ದೇಹವನ್ನು ತೊಡೆಯ ಸ್ನಾಯುಗಳೇ ಎತ್ತಬೇಕು. ಸ್ವಲ್ಪ ಮೇಲಿದ್ದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಹತ್ತು ಸೆಂಟಿಮೀಟರ್ ಅಂದರೆ ಅರ್ಧ ಗೇಣು. ನನ್ನ ಪ್ರಕಾರ ಈ ಗಾಡಿಗಳು ಮಾರುವುದು ಮುಖ್ಯವಾಗಿ ಈ ಅರ್ಧ ಗೇಣನ್ನೇ.

ಕಾಡುಮೇಡು ಹತ್ತುವ ಜೀಪಿನಂತೆ ಕಂಡರೂ ಇವುಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರಗಳಿಂದಷ್ಟೇ ಓಡುತ್ತವೆ. ಅಡಿಪಾಯವೂ ಸಣ್ಣ ಕಾರಿನದೇ. ಟೊಯೋಟಾ ಯಾರಿಸ್ ಕ್ರಾಸ್‌ನ ಕೆಳಗಿರುವುದು ಯಾರಿಸ್ ಕಾರಿನ ಪ್ಲಾಟ್‌ಫಾರ್ಮ್, ಫೋಕ್ಸ್‌ವ್ಯಾಗನ್ ಟಿ-ಕ್ರಾಸ್‌ನ ಕೆಳಗಿರುವುದು ಪೋಲೋದ್ದು. 1994ರಲ್ಲಿ ಬಂದ ಟೊಯೋಟಾ ರ‍್ಯಾವ್4 ಈ ದಾರಿಯನ್ನು ಜನಪ್ರಿಯ ಮಾಡಿತು. ಲಾರಿಯಂಥ ಚಾಸಿ ಬೇಡ, ಕಾರಿನಂಥ ಒಂದೇ ತುಂಡಿನ ಬಾಡಿ ಸಾಕು, ಎತ್ತರ ಮಾತ್ರ ಇರಲಿ.

ಆ ಎತ್ತರ ಒಬ್ಬೊಬ್ಬರಿಗೆ ಒಂದೊಂದು ಥರ ದಕ್ಕುತ್ತದೆ. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುವ ತಾಯಿಗೆ ಬೆನ್ನು ಬಾಗಿಸುವುದು ತಪ್ಪುತ್ತದೆ. ಹಳ್ಳ ತುಂಬಿದ ರಸ್ತೆಯವರಿಗೆ ಕಾರಿನ ಹೊಟ್ಟೆ ಉಜ್ಜುವ ಚಿಂತೆ ಕಡಿಮೆ. ಹೊಸದಾಗಿ ಡ್ರೈವಿಂಗ್ ಕಲಿತವರಿಗೆ ಬಾನೆಟ್‌ನ ಅಂಚು ಕಾಣುತ್ತದೆ, ಮುಂದಿನ ಕಾರಿನ ಆಚೆ ಏನಿದೆ ಎಂಬುದೂ ಕಾಣುತ್ತದೆ. ಧೈರ್ಯ ಬರುತ್ತದೆ.

ಧೈರ್ಯ ಸ್ವಲ್ಪ ಜಾಸ್ತಿಯೇ ಬರುತ್ತದೆ. ನಾವು ಎಷ್ಟು ವೇಗದಲ್ಲಿದ್ದೇವೆ ಎಂದು ಕಣ್ಣು ಅಂದಾಜು ಮಾಡುವುದು ಹೆಚ್ಚಾಗಿ ನೆಲ ಹಿಂದಕ್ಕೆ ಸರಿಯುವ ರಭಸ ನೋಡಿ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ 1950ರಲ್ಲೇ ಇದನ್ನು ವಿವರಿಸಿದ್ದರು. ಕಣ್ಣು ನೆಲದಿಂದ ಮೇಲೆ ಹೋದಷ್ಟೂ ಆ ರಭಸ ಕಡಿಮೆ ಅನಿಸುತ್ತದೆ. ವಿಮಾನದ ಕಿಟಕಿಯಿಂದ ನೋಡಿದರೆ ನೆಲ ತೆವಳುವುದಿಲ್ವಾ, ಹಾಗೆ. ಕಣ್ಣಿನ ಮಟ್ಟ 1.15 ಮೀಟರ್‌ನಿಂದ 1.3 ಮೀಟರ್‌ಗೆ ಏರಿದರೆ, ಅದೇ ವೇಗದಲ್ಲಿ ನೆಲ ಸರಿಯುವ ರಭಸ ಕಣ್ಣಿಗೆ ಶೇ. 11–12ರಷ್ಟು ಇಳಿಯುತ್ತದೆ. ಸಿಮ್ಯುಲೇಟರ್ ಪ್ರಯೋಗಗಳಲ್ಲೂ ಎತ್ತರದಿಂದ ನೋಡುತ್ತಿದ್ದವರು ಅರಿವಿಲ್ಲದೆ ಹೆಚ್ಚು ವೇಗದಲ್ಲಿ ಓಡಿಸಿದ್ದಾರೆ. ಎತ್ತರದ ಗಾಡಿಯನ್ನು ತಿರುವಿನಲ್ಲಿ ಸ್ವಲ್ಪ ನಿಧಾನವಾಗಿ ತೆಗೆದುಕೊಳ್ಳಬೇಕು. ಆದರೆ ಅದರೊಳಗೆ ಕೂತವರಿಗೇ ವೇಗ ಗೊತ್ತಾಗುವುದು ಕಡಿಮೆ!

ಯಾಕೆ ನಿಧಾನ? ಎಡ-ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಮಾಮೂಲಿ ಕಾರುಗಳಿಗೆ ಸಿಗುವ ಉತ್ತರ 1.3ರಿಂದ 1.5. ಎಸ್‌ಯುವಿಗಳಿಗೆ ಸಾಮಾನ್ಯವಾಗಿ 1.0ರಿಂದ 1.3. ಸಂಖ್ಯೆ ಇಳಿದಷ್ಟೂ ಮಗುಚುವುದು ಸುಲಭ. 1997ರಲ್ಲಿ ಮರ್ಸಿಡಿಸ್‌ನ ಎತ್ತರದ ಸಣ್ಣ ಕಾರು ಎ-ಕ್ಲಾಸ್ ಸ್ವೀಡನ್ನಿನ ಒಂದು ಪತ್ರಿಕೆ ನಡೆಸಿದ ಪರೀಕ್ಷೆಯಲ್ಲಿ ಮಗುಚಿತು. ಅಡ್ಡ ಬಂದ ಮೂಸ್ ಜಿಂಕೆಯನ್ನು ತಪ್ಪಿಸುವಂತೆ ಸ್ಟಿಯರಿಂಗ್ ಸರಕ್ಕನೆ ಅತ್ತಿತ್ತ ತಿರುಗಿಸುವ ಪರೀಕ್ಷೆ ಅದು. ಕಂಪನಿ ಕೊನೆಗೆ ಎಲ್ಲ ಎ-ಕ್ಲಾಸ್‌ಗಳಿಗೂ ಇಎಸ್‌ಪಿ ಕೊಟ್ಟಿತು. ಗಾಡಿ ಜಾರತೊಡಗಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಿಡಿದು ದಾರಿಗೆ ತರುವ ವ್ಯವಸ್ಥೆ ಇದು. ಹೀಗಾಗಿ ಎತ್ತರದ ಗಾಡಿಯ ಫೀಚರ್ ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಇಎಸ್‌ಪಿ ಅಥವಾ ಇಎಸ್‌ಸಿ ಎಂಬ ಮೂರಕ್ಷರ. ಸನ್‌ರೂಫ್ ಆಮೇಲೆ.

ಎತ್ತರಕ್ಕೆ ಇನ್ನೊಂದು ಉಪಯೋಗವಿದೆ, ಇದು ಸರ್ಕಾರಿ ತೆರಿಗೆಗೆ ಅಂಟಿಕೊಂಡದ್ದು. ಭಾರತದಲ್ಲಿ 2006ರಿಂದ 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅವಕ್ಕೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40. ಹಾಗಾಗಿ ಟಾಟಾ ನೆಕ್ಸಾನ್, ಹ್ಯುಂಡೈ ವೆನ್ಯೂ, ಕಿಯಾ ಸೋನೆಟ್ ಮೂರರ ಉದ್ದವೂ 3,995 ಮಿಲಿಮೀಟರ್. ಮೂರು ಕಂಪನಿಗಳು ಕೈಬಿಟ್ಟದ್ದು ಬರೀ ಐದೈದು ಮಿಲಿಮೀಟರ್! ಉದ್ದಕ್ಕೆ ಬೇಲಿ ಬಿದ್ದ ಮೇಲೆ ಉಳಿದ ದಾರಿ ಆಕಾಶದ ಕಡೆಗೆ. ತಗ್ಗಿನ ಸೀಟಿನಲ್ಲಿ ಕಾಲು ಮುಂದಕ್ಕೆ ಚಾಚಬೇಕು. ಎತ್ತರದ ಸೀಟಿನಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಕಾಲು ಕೆಳಕ್ಕೆ ಮಡಚಿಕೊಳ್ಳುತ್ತದೆ. ಅಷ್ಟೇ ಉದ್ದದೊಳಗೆ ಹಿಂದೆ ಕೂತವರ ಮಂಡಿಗೂ ಜಾಗ ಸಿಗುತ್ತದೆ.

ಇನ್ನು ನೋಟ. ಚಕ್ರದ ಕಮಾನು, ಬಾಗಿಲ ಕೆಳಭಾಗಕ್ಕೆ ಅಂಟಿಸಿದ ಕಪ್ಪು ಪ್ಲಾಸ್ಟಿಕ್ ಕಲ್ಲು ತಾಗಿದರೆ ಬಣ್ಣ ಉಳಿಸುತ್ತದೆ, ನಿಜ. ಅದರ ಜೊತೆಗೆ ಕಣ್ಣಿಗೆ ಮೋಸವನ್ನೂ ಮಾಡುತ್ತದೆ. ಕಪ್ಪು ಭಾಗ ನೆರಳಿನಲ್ಲಿ ಕರಗಿ, ಬಣ್ಣದ ಭಾಗವಷ್ಟೇ ಕಾರು ಅನಿಸುತ್ತದೆ. ಗಾಡಿ ಇರುವುದಕ್ಕಿಂತ ಎತ್ತರಕ್ಕೆ ಕಾಣುತ್ತದೆ. ಮುಂದಿನ ಬಂಪರ್ ಕೆಳಗಿನ ಬೆಳ್ಳಿ ಬಣ್ಣದ ‘ಸ್ಕಿಡ್ ಪ್ಲೇಟ್’ (ಗಾಡಿಯ ಹೊಟ್ಟೆ ಕಾಯಬೇಕಾದ ಲೋಹದ ತಗಡು) ಅನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿ. ಎಷ್ಟೋ ಗಾಡಿಗಳಲ್ಲಿ ಪ್ಲಾಸ್ಟಿಕ್ ಸದ್ದೇ ಬರುತ್ತದೆ. ಕಿರಿದಾದ ದೀಪ, ಅಗಲ ಬಾಯಿಯೂ ಸುಮ್ನೆ ಅಲ್ಲ. 2008ರಲ್ಲಿ ಪ್ರಕಟವಾದ ವಿಯೆನ್ನಾದ ಅಧ್ಯಯನವೊಂದರಲ್ಲಿ ಜನ ಕಾರಿನ ಮುಂಭಾಗವನ್ನು ಮುಖದಂತೆಯೇ ಓದಿದ್ದರು. ಅಂಥ ಮುಖಗಳು ಗಟ್ಟಿ, ಗಡಸು ಅನಿಸಿದ್ದವು. ತೋರಿಕೆ ಬಯಸುವ ಯುವಕರಿಗೂ, ರಸ್ತೆಯಲ್ಲಿ ಯಾರಾದರೂ ನುಗ್ಗಿಯಾರು ಎಂದು ಅಂಜುವವರಿಗೂ ಒಂದೇ ಮುಖ ಸಾಕು.

ಮೈಲೇಜ್ ನೋಡುವವರಿಗೆ ಮಾತ್ರ ಎತ್ತರ ನಷ್ಟವೇ. ಮುಂಭಾಗ ದೊಡ್ಡದಾದಷ್ಟೂ ಗಾಳಿಯ ತಡೆ ಜಾಸ್ತಿ. 80ರಿಂದ 100 ಕಿ.ಮೀ. ವೇಗಕ್ಕೆ ಏರಿದರೆ ಪ್ರತಿ ಕಿಲೋಮೀಟರಿಗೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಊರೊಳಗೆ ಓಡಾಡುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ.

ಬೆಲೆ ಪಟ್ಟಿಯೂ ಮನಸ್ಸನ್ನು ಓದಿಯೇ ಬರೆದದ್ದು. ದೊಡ್ಡ ಅಕ್ಷರದಲ್ಲಿ ಕಾಣುವ ‘ಆರಂಭಿಕ ಬೆಲೆ’ ಬೇಸ್ ವೇರಿಯಂಟ್‌ನದು, ಅಂದರೆ ಅತಿ ಕಡಿಮೆ ಸೌಲಭ್ಯದ ಮಾದರಿಯದು. ಅದು ನಮ್ಮನ್ನು ಬಾಗಿಲ ತನಕ ಕರೆಯುತ್ತದೆ. ಟಾಪ್ ವೇರಿಯಂಟ್‌ನ ಬೆಲೆ ನೋಡಿದ ಮೇಲೆ ನಡುವಿನದು ಪರವಾಗಿಲ್ಲ ಅನಿಸುತ್ತದೆ. ಮೂರು ಆಯ್ಕೆ ಇಟ್ಟರೆ ಜನ ನಡುವಿನದಕ್ಕೆ ವಾಲುತ್ತಾರೆ ಎಂಬುದನ್ನು ಮಾರ್ಕೆಟಿಂಗ್ ಸಂಶೋಧಕ ಇಟಮಾರ್ ಸೈಮನ್ಸನ್ 1989ರಲ್ಲೇ ತೋರಿಸಿದ್ದರು. ಬೇಸ್ ವೇರಿಯಂಟ್‌ನ ಡ್ಯಾಶ್‌ಬೋರ್ಡ್ ನೋಡಿ. ಸ್ವಿಚ್ ಇರಬೇಕಾದ ಕಡೆ ಖಾಲಿ ಪ್ಲಾಸ್ಟಿಕ್ ಬಿಲ್ಲೆಗಳು. ‘ಇಲ್ಲಿ ಏನೋ ಇರಬೇಕಿತ್ತು’ ಎಂದು ದಿನಾ ನೆನಪಿಸುತ್ತವೆ.

ಹೀಗೆ ಬಿಟ್ಟುಹೋದವುಗಳಲ್ಲಿ ನನಗೆ ಸಿಟ್ಟು ಬರಿಸುವುದು ಡ್ರೈವರ್ ಸೀಟಿನ ಬದಿಯ ಒಂದು ಸಣ್ಣ ಲಿವರ್. ಪಂಪಿನಂತೆ ನಾಲ್ಕು ಸಲ ಎಳೆದರೆ ಸೀಟು ಮೇಲೇರುತ್ತದೆ. ರಸ್ತೆ ಚೆನ್ನಾಗಿ ಕಾಣಲಿ ಎಂದೇ ಎಸ್‌ಯುವಿ ಕೊಳ್ಳಲು ಬಂದ ಕುಳ್ಳಗಿನವರಿಗೆ ಅದು ಬೇಕೇ ಬೇಕು. ಎಷ್ಟೋ ಬೇಸ್ ವೇರಿಯಂಟ್‌ಗಳಲ್ಲಿ ಆ ಜಾಗಕ್ಕೆ ಕೈ ಹಾಕಿದರೆ ಬೋಳು ಪ್ಲಾಸ್ಟಿಕ್ ಸಿಗುತ್ತದೆ.