ಮೊದಲ ಪ್ರಾಜೆಕ್ಟ್ ಕಾರು: ನಿಂತದ್ದು ಬೇಡ, ಓಡೋದು ತನ್ನಿ

ಗ್ಯಾರೇಜಿಗೆ ಟೋ ಮಾಡಿಸಿಕೊಂಡು ಬರುವ ಹಳೇ ಕಾರುಗಳಲ್ಲಿ ಒಂದು ಜಾತಿ ಇದೆ, ಬಿಚ್ಚಿ ಕಲಿಯಲೆಂದೇ ಕೊಂಡ ಪ್ರಾಜೆಕ್ಟ್ ಕಾರು. ಕಾರಿನ ಹಿಂದೆಯೇ ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ. "ಸರ್, ಇದೊಂದು ಸ್ಟಾರ್ಟ್ ಮಾಡಿಕೊಟ್ಟುಬಿಡಿ, ಉಳಿದಿದ್ದೆಲ್ಲ ನಾನೇ ಬಿಚ್ಚಿ ಕಲೀತೀನಿ." ಕಾರು ಯಾವುದೋ ಖಾಲಿ ಸೈಟಿನಲ್ಲಿ ಮರದಡಿ ನಾಲ್ಕೈದು ವರ್ಷ ನಿಂತದ್ದು. ಗುಜರಿ ಬೆಲೆಗೆ ಸಿಕ್ಕಿತೆಂಬ ಖುಷಿ ಮುಖದಲ್ಲೇ ಕಾಣುತ್ತದೆ. ಮಾರಿದವನು ಹೇಳಿರುವುದೂ ಪ್ರತಿ ಸಲ ಅದೇ ಮಾತು: "ಬ್ಯಾಟರಿ ಅಷ್ಟೇ ಸರ್, ಹಾಕಿದ್ರೆ ಓಡತ್ತೆ." ಬ್ಯಾಟರಿ ಹಾಕಿದರೆ ಓಡುವ ಕಾರಾಗಿದ್ದರೆ ಅವನೇ ಬ್ಯಾಟರಿ ಹಾಕಿ ಇನ್ನೂ ಹತ್ತು ಸಾವಿರ ಹೆಚ್ಚಿಗೆ ಕೇಳುತ್ತಿದ್ದ ಎಂಬುದು ಈ ಬುದ್ಧಿವಂತ ಹುಡುಗರಿಗೆ ಯಾಕೆ ಹೊಳೆಯುವುದಿಲ್ಲವೋ.

ಕೆಟ್ಟದ್ದು ಜಾಸ್ತಿ ಇದ್ದಷ್ಟೂ ಪಾಠ ಜಾಸ್ತಿ ಎಂಬುದು ಅವರ ಲೆಕ್ಕ. ಕೆಲಸಕ್ಕೆ ಕೂತರೆ ಆಗುವುದು ಉಲ್ಟಾ. ಪೆಟ್ರೋಲ್ ಎಂಜಿನ್ ಸ್ಟಾರ್ಟ್ ಆಗಲು ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗ ಏರುವ ಒತ್ತಡ) ಬೇಕು, ಸರಿಯಾದ ಕ್ಷಣಕ್ಕೆ ಕಿಡಿ ಬೇಕು, ಅಳತೆಯಲ್ಲಿ ಪೆಟ್ರೋಲು-ಗಾಳಿ ಬೇಕು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಈ ಮೂರೂ ಒಟ್ಟಿಗೇ ಹಾಳಾಗಿರುತ್ತವೆ. ಪೆಟ್ರೋಲು ಅಂಟಾಗಿ ಪೆಟ್ರೋಲು-ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಜೆಟ್ (ಸಣ್ಣ ತೂತು) ಕಟ್ಟಿಕೊಂಡಿರುತ್ತದೆ, ಟ್ಯಾಂಕಿನ ಒಳಗೆ ತುಕ್ಕು. ಇಲಿ ವೈರಿಂಗ್ ಕಡಿದಿರುತ್ತದೆ. ಪಿಸ್ಟನ್ ರಿಂಗುಗಳು ಹಿಡಿದುಕೊಂಡಿರಬಹುದು, ಯಾವುದೋ ವಾಲ್ವ್ ಪೂರ್ತಿ ಕೂರದೇ ಇರಬಹುದು. ಇದರ ಮೇಲೆ ಬ್ರೇಕಿನ ವೀಲ್ ಸಿಲಿಂಡರ್ ಜಾಮ್, ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡದ್ದು ಬೇರೆ.

ಕಲಿಯುವವನು ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ ಊದಿ, ಚೆನ್ನಾಗಿಯೇ ಕ್ಲೀನ್ ಮಾಡಿ ಹಾಕುತ್ತಾನೆ. ಸ್ಟಾರ್ಟ್ ಆಗುವುದಿಲ್ಲ, ಯಾಕೆಂದರೆ ಕಿಡಿಗೆ ಕರೆಂಟು ಕೊಡುವ ಕಾಯಿಲ್ ಕೂಡ ಸತ್ತಿದೆ. ಆದರೆ ಅವನಿಗೆ ಅನ್ನಿಸುವುದು ತಾನು ಕಾರ್ಬ್ಯುರೇಟರ್ ಕೆಡಿಸಿದೆ ಎಂದು. ಮತ್ತೆ ಬಿಚ್ಚುತ್ತಾನೆ. ಈ ಸಲ ನಿಜವಾಗಿಯೂ ಕೆಡಿಸುತ್ತಾನೆ. ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುವ ಒಂದೇ ಒಂದು ಸಾಧನ ಎಂಜಿನ್ ಓಡುವುದು. ಅದೇ ಇಲ್ಲದಿದ್ದರೆ ಉತ್ತರ ಪತ್ರಿಕೆ ತಿದ್ದುವವರೇ ಇಲ್ಲದ ಪರೀಕ್ಷೆ ಬರೆದಂತೆ.

ಓಡುವ ಕಾರಿನಲ್ಲಿ ಹೀಗಾಗುವುದಿಲ್ಲ. ಬೆಳಿಗ್ಗೆ ಓಡುತ್ತಿತ್ತು, ಮಧ್ಯಾಹ್ನ ಪ್ಲಗ್ ಬದಲಿಸಿದಿರಿ, ಸಂಜೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ತಪ್ಪು ಎಲ್ಲಿದೆ? ಕೊನೆಗೆ ಕೈ ಹಾಕಿದ ಕಡೆ. ಪ್ಲಗ್ ವೈರು ಅದಲುಬದಲಾಗಿದೆ, ಇಲ್ಲವೇ ಸರಿಯಾಗಿ ಕೂತಿಲ್ಲ. ಒಂದು ಕೆಲಸ ಮಾಡಿ, ಸ್ಟಾರ್ಟ್ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನ ಕೆಲಸ. ಒಂದು ಎಂಜಿನ್ ಸರಿಯಾಗಿ ಓಡುವಾಗ ಹೇಗೆ ಕೇಳಿಸುತ್ತದೆ ಎಂಬುದನ್ನು ಕಿವಿ ಮೊದಲು ಕಲಿಯಬೇಕು. ಸರಿಯಿಲ್ಲದ ಸದ್ದು ಗೊತ್ತಾಗುವುದು ಅದಾದ ಮೇಲೆ. ಇದನ್ನು ಎಷ್ಟು ಸಲ ಹೇಳಿದರೂ "ಓಡೋ ಕಾರಲ್ಲಿ ಮಾಡೋಕೆ ಏನಿರತ್ತೆ ಸರ್?" ಎಂದು ಕೇಳುತ್ತಾರೆ. ಇಪ್ಪತ್ತು ವರ್ಷದ ಕಾರಪ್ಪಾ ಅದು. ಆಯಿಲ್ ಸೀಲಿನಿಂದ ಹಿಡಿದು ಸಸ್ಪೆನ್ಷನ್ ಬುಷ್‌ವರೆಗೆ ಎರಡು ವರ್ಷಕ್ಕಾಗುವಷ್ಟು ಕೆಲಸ ಅದರಲ್ಲೇ ಇರುತ್ತದೆ.

ಯಾವ ಕಾರು ಎಂದರೆ ನನ್ನ ಉತ್ತರ ಬದಲಾಗಿಲ್ಲ, ಮಾರುತಿ 800. 1983ರ ಡಿಸೆಂಬರಿನಲ್ಲಿ ಬಂದು 2014ರ ಆರಂಭದವರೆಗೆ ತಯಾರಾಯಿತು. 796 ಸಿಸಿ, ಮೂರು ಸಿಲಿಂಡರ್, ಬಹುಪಾಲು ಮಾದರಿಗಳಲ್ಲಿ ಸಿಲಿಂಡರಿಗೆ ಎರಡೇ ವಾಲ್ವ್, ಬೆಲ್ಟಿನಿಂದ ತಿರುಗಿ ವಾಲ್ವ್ ತೆರೆಯುವ ಒಂದು ಕ್ಯಾಮ್‌ಶಾಫ್ಟ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಬಹುಪಾಲು ಕೈಗೆ ಸಿಗುತ್ತದೆ. 8, 10, 12, 14, 17, 19ರ ಸ್ಪ್ಯಾನರ್ ಇದ್ದರೆ ಮುಕ್ಕಾಲು ಗಾಡಿ ಬಿಚ್ಚಬಹುದು. ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ, ತಾಲ್ಲೂಕು ಕೇಂದ್ರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ. ಹಳೇ ಬಾಗಿಲು, ಗಾಜು ಬೇಕಾದರೆ ಶಿವಾಜಿನಗರದ ಗುಜರಿ ಇದೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಕಲಿಕೆ ಹೆಚ್ಚು, ಆದರೆ 2000ದ ಸುಮಾರಿಗೆ ಎಂಪಿಎಫ್‌ಐ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲು ಚಿಮ್ಮಿಸುವ ವ್ಯವಸ್ಥೆ) ಬಂದದ್ದರಿಂದ ಅವೆಲ್ಲ ಈಗ ತೀರಾ ಹಳೆಯವು. ಒಳ್ಳೆಯದು ಸಿಗದಿದ್ದರೆ ಎಂಪಿಎಫ್‌ಐ 800 ಅಥವಾ ಹಳೇ ಆಲ್ಟೊ ಸಾಕು. ಓಮ್ನಿಯಲ್ಲೂ 796 ಸಿಸಿ ಎಂಜಿನ್ನೇ, ಅದು ಹಿಂದಿನ ಚಕ್ರಗಳನ್ನು ತಿರುಗಿಸುವುದರಿಂದ ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಕಲಿಯಬಹುದು; ಆದರೆ ಎಂಜಿನ್ ಸೀಟಿನಡಿ, ಪ್ರತಿ ಸಲ ಸೀಟೆತ್ತಿ ಬಗ್ಗಿ ಬೆನ್ನು ಹೋಗುತ್ತದೆ.

ಪದ್ಮಿನಿ, ಅಂಬಾಸಡರ್ ಪ್ರೀತಿಯವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಎರಡೂ ಸರಳ ಗಾಡಿಗಳೇ. ಆದರೆ ಈಗ ಬೆಲೆ ಏರಿದೆ, ಬಾಡಿಯ ಭಾಗಗಳು ಅಪರೂಪ, ಅಂಬಾಸಡರಿನಲ್ಲಿ ಬಹಳ ಕಡೆ ಇಂಚಿನ ಸ್ಪ್ಯಾನರ್ ಬೇಕು. ಎರಡನೇ ಕಾರಾಗಿ ತನ್ನಿ. ಕಾಮನ್ ರೈಲ್ ಡೀಸೆಲ್ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಎಂಜಿನ್) ಮಾತ್ರ ಮೊದಲ ಕಾರಾಗಿ ಬೇಡವೇ ಬೇಡ. ಅದರ ಪೈಪಿನ ಒತ್ತಡ ಸಾವಿರ ಬಾರ್ ಮೀರುತ್ತದೆ; ಸೋರುವ ಜಾಗವನ್ನು ಬೆರಳಿಟ್ಟು ಹುಡುಕಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ನೋಡಲು ಹೋಗುವಾಗ ಎಂಜಿನ್ ತಣ್ಣಗೆ ಇಟ್ಟಿರಲು ಮೊದಲೇ ಹೇಳಿ. ಹೋದ ತಕ್ಷಣ ರೇಡಿಯೇಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಕಷ್ಟಪಟ್ಟು ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ; ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ತೆಳು ಹಾಳೆ) ಅನುಮಾನಿಸಿ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಇದ್ದರೆ ನೀರು ಸೇರಿದೆ, ಆದರೆ ಬರೀ ಮನೆ ಹತ್ತಿರ ಓಡಾಡುವ ಗಾಡಿಯಲ್ಲಿ ಮಳೆಗಾಲದಲ್ಲಿ ತೆಳ್ಳಗೆ ಬರುವುದೂ ಉಂಟು. ರಾತ್ರಿಯಿಡೀ ನಿಂತು ಸ್ಟಾರ್ಟ್ ಮಾಡಿದಾಗ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಆಕ್ಸಿಲರೇಟರ್ ಒತ್ತಿದಾಗೆಲ್ಲ ಬಂದರೆ ರಿಂಗ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿದಾಗ ಕಟಕಟ ಎಂದರೆ ಆಕ್ಸಲಿನ ಹೊರಗಿನ, ಚಕ್ರದ ಕಡೆಯ ಕೀಲು, ಅಂದರೆ ಸಿ.ವಿ. ಜಾಯಿಂಟ್, ಹೋಗಿದೆ.

ಸಾಧ್ಯವಾದರೆ ಕಂಪ್ರೆಷನ್ ನೋಡಿಸಿ. ಎಂಜಿನ್ ಬಿಸಿ, ಮೂರೂ ಪ್ಲಗ್ ಹೊರಗೆ, ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜ್, ಕಾಯಿಲ್ ಕನೆಕ್ಷನ್ ತೆಗೆದು, ಎಂಪಿಎಫ್‌ಐ ಆದರೆ ಪೆಟ್ರೋಲ್ ಪಂಪಿನ ಫ್ಯೂಸನ್ನೂ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಸಿಲಿಂಡರುಗಳ ನಡುವೆ 15 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಅಥವಾ ಬೋರ್. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಈಗ ಹೇಳಿದ ದೋಷಗಳಲ್ಲಿ ಬಹುಪಾಲು ಕಾರು ಬಿಡಲು ಕಾರಣವಲ್ಲ, ಚೌಕಾಸಿಗೆ ಕಾರಣ. ಬಿಡಬೇಕಾದದ್ದು ಬಾಡಿ ನೋಡಿ. ಕಾರ್ಪೆಟ್ ಎತ್ತಿ ನೆಲದ ತಗಡು ನೋಡಿ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಬೆರಳಿಂದ ಒತ್ತಿ, ಬ್ಯಾಟರಿ ತಟ್ಟೆಯ ಕೆಳಗೆ, ಮುಂದಿನ ಸ್ಟ್ರಟ್ (ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್) ಕೂರುವ ಗೋಪುರದ ಸುತ್ತ, ಜಾಕ್ ಕೊಡುವ ಜಾಗದಲ್ಲಿ ಟಾರ್ಚ್ ಹಿಡಿಯಿರಿ. ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಬಣ್ಣದಡಿ ಇರುವುದು ಪುಟ್ಟಿ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ ತಿಂದ ಗಾಡಿಗೆ ಕೆಳಗಿನಿಂದ ಹೆಚ್ಚು ನೋಡಬೇಕು. ವಿಜಯಪುರ, ಕಲಬುರಗಿಯ ಗಾಡಿಯಲ್ಲಿ ತಗಡು ಸಾಮಾನ್ಯವಾಗಿ ಗಟ್ಟಿ, ರಬ್ಬರು-ಬಣ್ಣ ಬಿಸಿಲಿಗೆ ಹೋಗಿರುತ್ತದೆ. ರಬ್ಬರು ಅಗ್ಗ. ತುಕ್ಕು ಕತ್ತರಿಸಿ ತಗಡು ಹಾಕುವುದು ಟಿಂಕರಿಂಗ್, ಅದು ಬೇರೆಯೇ ಕಸುಬು, ಎಂಜಿನ್ ಕಲಿಯಬೇಕೆಂದವರ ದುಡ್ಡೆಲ್ಲ ಅಲ್ಲಿಗೇ ಸುರಿಯುತ್ತದೆ.

ಆರ್‌ಸಿ ವಿಷಯ ಬೇಗ ಮುಗಿಸುತ್ತೇನೆ, ಆದರೆ ನೀವು ಬೇಗ ಮುಗಿಸಬೇಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ಫಾರ್ಮ್ 25ರಲ್ಲಿ ನವೀಕರಣ. 2022ರ ಏಪ್ರಿಲಿನಿಂದ ಅದರ ಶುಲ್ಕ 5,000 ರೂಪಾಯಿಗೆ ಏರಿತು, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಹಸಿರು ತೆರಿಗೆ ಬೇರೆ, ತಡವಾದರೆ ದಂಡ ಬೇರೆ. ಸದ್ಯದ ಲೆಕ್ಕ ಆರ್‌ಟಿಓದಲ್ಲೇ ಕೇಳಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ. ಹಳೇ 800ಗಳಲ್ಲಿ ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ತೋರಿಸದೇ ಇರುವುದು, ಗ್ಯಾಸ್ ಕಿಟ್ ಹಾಕಿಸಿ ನಮೂದಿಸದೇ ಇರುವುದು ಸಾಮಾನ್ಯ. ಸಾಲ ತೀರಿದ್ದರೂ ಆರ್‌ಸಿಯಲ್ಲಿನ ಬ್ಯಾಂಕ್ ಸಾಲದ ನಮೂದು (ಹೈಪಾಥಿಕೇಶನ್) ತೆಗೆಸಿರುವುದಿಲ್ಲ. ದೆಹಲಿಯಿಂದ ಅಗ್ಗಕ್ಕೆ ಬರುವ ಕಾರಿಗೆ ಇಲ್ಲಿ ಮರುನೋಂದಣಿ ಮಾಡಿಸುವಾಗ ತೆರಿಗೆ ಕಟ್ಟಿದ ಮೇಲೆ ಅಗ್ಗ ಉಳಿಯುವುದಿಲ್ಲ.

ಕಾರಿಗೆ ಕೊಟ್ಟಷ್ಟೇ ಹಣ ಉಪಕರಣ ಮತ್ತು ಬಿಡಿಭಾಗಕ್ಕೆ ಎತ್ತಿಡಿ. ಆಫೀಸಿಗೆ ಹೋಗಲು ಬೇರೆ ಗಾಡಿ ಇರಲಿ. ಸೋಮವಾರ ಬೆಳಿಗ್ಗೆ ಇದೇ ಬೇಕು ಎಂದಾದರೆ ಭಾನುವಾರ ರಾತ್ರಿ ಹನ್ನೊಂದಕ್ಕೆ ಬೋಲ್ಟ್ ತಿರುಚಿ ಮುರಿಯುತ್ತೀರಿ. ಎರಡು ಒಳ್ಳೆಯ ಜಾಕ್ ಸ್ಟ್ಯಾಂಡ್ ಮೊದಲು ಕೊಳ್ಳಿ. ಸೈಜುಗಲ್ಲು, ಹಾಲೋ ಬ್ಲಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ಮಲಗುವವರಿಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ: ಬ್ಲಾಕ್ ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ಮೊದಲ ತಿಂಗಳು ಆಯಿಲ್, ಫಿಲ್ಟರ್, ಪ್ಲಗ್, ಕೂಲೆಂಟ್, ಬ್ರೇಕ್ ಫ್ಲೂಯಿಡ್ ಇಷ್ಟೇ. ಆಯಿಲಿಗೆ ಮೂರು ಲೀಟರ್ ಡಬ್ಬ ಸಾಕು, ಡಿಪ್‌ಸ್ಟಿಕ್ ನೋಡಿಕೊಂಡು ಸುರಿಯಿರಿ. ಕ್ಯಾಮ್‌ಶಾಫ್ಟ್ ತಿರುಗಿಸುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ಬಿಲ್ ಇಲ್ಲದಿದ್ದರೆ ಹೊಸದು ಹಾಕಿಸಿ, ಪಕ್ಕದಲ್ಲಿ ನಿಂತು ನೋಡಿ. ಬ್ರೇಕ್ ಡ್ರಮ್ ಬಿಚ್ಚಿದಾಗ ಧೂಳು ಬಾಯಿಂದ ಊದಬೇಡಿ, ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕಿನ ಯಾವ ಕೆಲಸ ಮಾಡಿದರೂ ರಸ್ತೆಗಿಳಿಸುವ ಮುಂಚೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ.

ಆಮೇಲೆ ಟ್ಯಾಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್ ಸರಿ ಮಾಡುವುದು. ಕೈ ಪಳಗಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಎಂಜಿನ್ ತಣ್ಣಗಿರುವಾಗ ಮೇಲಿನ ಕವರ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ. ಟೈಮಿಂಗ್ ಗುರುತುಗಳು ಒಂದಕ್ಕೊಂದು ಕೂಡಿದಾಗ ಒಂದನೇ ಸಿಲಿಂಡರಿನ ಎರಡೂ ರಾಕರ್ ಸಡಿಲವಾಗಿ ಆಡಬೇಕು. ಆಡದಿದ್ದರೆ ಇನ್ನೊಂದು ಪೂರ್ತಿ ಸುತ್ತು. ಮ್ಯಾನ್ಯುಯಲ್‌ನಲ್ಲಿರುವ ಅಳತೆಯ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ತಗಡು) ತೂರಿಸಿದರೆ ಸ್ವಲ್ಪ ಎಳೆದು ಹಿಡಿದಂತೆ ಜಾರಬೇಕು. ಸ್ಕ್ರೂ ಅಲ್ಲಾಡದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿ, ಮತ್ತೆ ಗೇಜ್ ತೂರಿಸಿ. ನಟ್ ಬಿಗಿಯುವಾಗ ಅಳತೆ ಬದಲಾಗುತ್ತದೆ, ಎರಡನೇ ಸಲ ನೋಡದವರೇ ಹೆಚ್ಚು. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹೊಡೆಯುವ ಸರದಿ) 1-3-2, ಹಾಗಾಗಿ ಮುಂದಿನದು ಮೂರನೇ ಸಿಲಿಂಡರ್, ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿದಾಗ. ಟಿಕ್‌ಟಿಕ್ ಸದ್ದು ಹೋಗಲೆಂದು ಗ್ಯಾಪ್ ಕಡಿಮೆ ಮಾಡುವುದು ಹೊಸಬರ ಚಾಳಿ. ಸಡಿಲ ಟ್ಯಾಪೆಟ್ ಬರೀ ಸದ್ದು ಮಾಡುತ್ತದೆ. ಬಿಗಿ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ಸುಡುತ್ತದೆ.

ಹೆಡ್ ಬಿಚ್ಚುವುದು ಕಂಪ್ರೆಷನ್ ಗೇಜ್ ಹೇಳಿದಾಗ ಮಾತ್ರ, ನಿಮಗೆ ಆಸೆಯಾದಾಗಲ್ಲ. ಬಿಚ್ಚುವ ಮುಂಚೆ ಗ್ಯಾಸ್ಕೆಟ್ ಸೆಟ್ ಮನೆಯಲ್ಲಿರಲಿ, ಟಾರ್ಕ್ ರೆಂಚ್ ಕೈಯಲ್ಲಿರಲಿ. ತೆಗೆದ ಬೋಲ್ಟುಗಳನ್ನು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ; ಎಲ್ಲ ಒಂದೇ ಬಕೆಟ್ಟಿಗೆ ಹಾಕಿ ತಂದರೆ ವಿಂಗಡಿಸುವ ಕೂಲಿ ನಾನು ಬೇರೆ ತಗೊಳ್ಳುತ್ತೇನೆ. ಹೆಡ್ ಮಟ್ಟ ನೋಡಿಸಲು ಲೇತ್ ಅಂಗಡಿಗೆ ಕೊಟ್ಟು ಕಾಯುವ ವಾರದಲ್ಲಿ ಕೈ ಸುಮ್ಮನಿರದೆ ಅದೇ ಕಾರಿನ ಬ್ರೇಕ್ ಬಿಚ್ಚಬೇಡಿ. ಲೇತ್ ಅಂಗಡಿಗೇ ಹೋಗಿ ವಾಲ್ವ್ ಲ್ಯಾಪಿಂಗ್ (ವಾಲ್ವ್ ತನ್ನ ಜಾಗದಲ್ಲಿ ಪೂರ್ತಿ ಕೂರುವಂತೆ ಉಜ್ಜುವುದು) ಮಾಡುವುದನ್ನು ನೋಡಿ. ಅಡ್ಡ ನಿಲ್ಲದೆ, ಫೋನ್ ಜೇಬಿನಲ್ಲಿಟ್ಟು ಕೇಳುವವರಿಗೆ ಅಲ್ಲಿನ ಮೇಸ್ತ್ರಿಗಳು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.