ಡಕ್ಟ್‌ನೊಳಗೆ ಸಿಒ ಸೆನ್ಸರ್: ಫ್ಯಾನ್ ನಿಂತಿರುವಾಗ ಅದಕ್ಕೆ ಏನು ಸಿಗುತ್ತದೆ?

"ಸರ್, ಬೇಸ್‌ಮೆಂಟ್ ತುಂಬಾ ಸೆನ್ಸರ್ ಯಾಕೆ? ಎಕ್ಸಾಸ್ಟ್ ಡಕ್ಟ್‌ನಲ್ಲೇ ಒಂದು ಕೂರಿಸಿಬಿಡೋಣ. ಎಲ್ಲಾ ಗಾಳಿ ಅಲ್ಲೇ ತಾನೇ ಬರೋದು?"

ಕಾರ್ಬನ್ ಮೊನಾಕ್ಸೈಡ್ (ಸಿಒ) ಸೆನ್ಸರ್ ಹಾಕುವ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರಾಗಿರಬಹುದು, ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಗಿರಬಹುದು. ಕೇಳೋಕೆ ನ್ಯಾಯವಾಗಿಯೇ ಇದೆ. ಹತ್ತು ಸೆನ್ಸರ್ ಬದಲು ಒಂದು, ಕೇಬಲ್ ಕಡಿಮೆ, ಕೆಲಸ ಕಡಿಮೆ. ಆದರೆ ಫ್ಯಾನ್ ಓಡಿಸೋಕೆ ಅಂತ ಎಕ್ಸಾಸ್ಟ್ ಡಕ್ಟ್‌ನಲ್ಲಿ (ಒಳಗಿನ ಗಾಳಿ ಹೊರಹಾಕುವ ಕೊಳವೆಮಾರ್ಗದಲ್ಲಿ) ಕೂರಿಸಿದ ಸೆನ್ಸರ್ ಹೆಚ್ಚಿನ ಕಡೆ ಕೆಲಸಕ್ಕೆ ಬರುವುದಿಲ್ಲ. ಫ್ಯಾನ್ ನಿಂತಿರುವಾಗ ಡಕ್ಟ್‌ನಲ್ಲಿ ಗಾಳಿ ಓಡುವುದಿಲ್ಲ. ಗಾಳಿ ಓಡದಿದ್ದರೆ ಬೇಸ್‌ಮೆಂಟಿನ ಹೊಗೆ ಸೆನ್ಸರ್‌ವರೆಗೆ ಬರುವುದಿಲ್ಲ. ಹೊಗೆ ಬರದಿದ್ದರೆ ಸೆನ್ಸರ್ ಫ್ಯಾನ್ ಆನ್ ಮಾಡುವುದಿಲ್ಲ. ಕೆಳಗೆ ಎಷ್ಟೇ ಕಾರು ಗುರ್ ಅನ್ನುತ್ತಾ ನಿಂತಿರಲಿ, ಡಿಸ್‌ಪ್ಲೇ ಸೊನ್ನೆ ತೋರಿಸಿಕೊಂಡು ಆರಾಮಾಗಿರುತ್ತದೆ.

ಸರಿ, ಫ್ಯಾನ್ ಸದಾ ಕಡಿಮೆ ಸ್ಪೀಡಲ್ಲಿ ಓಡುತ್ತಲೇ ಇರುತ್ತದೆ ಅಂದುಕೊಳ್ಳಿ. ಆಗಲೂ ಇನ್ನೊಂದು ತೊಂದರೆ ಇದೆ. ನಾಲ್ಕು ಮೂಲೆಯಿಂದ ಸಮಸಮ ಗಾಳಿ ಎಳೆದು ಒಂದೇ ಡಕ್ಟ್‌ಗೆ ಸೇರಿಸಿದ್ದಾರೆ. ರ‍್ಯಾಂಪ್ ಹತ್ತಿರದ ಮೂಲೆಯಲ್ಲಿ 160 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 160 ಭಾಗ ಸಿಒ) ಇದೆ, ಉಳಿದ ಮೂರರಲ್ಲಿ ಏನೂ ಇಲ್ಲ. ಎಲ್ಲ ಬೆರೆತು ಡಕ್ಟ್‌ನಲ್ಲಿ ಸಿಗುವುದು 40. ರ‍್ಯಾಂಪ್ ಬಳಿ ಕುರ್ಚಿ ಹಾಕಿ ಕೂತ ವಾಚ್‌ಮನ್ ಉಸಿರಾಡುವುದು ಮಾತ್ರ 160ನ್ನೇ.

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಾವು ಹೊಗೆ ವಾಸನೆ ಅನ್ನುವುದು ಜೊತೆಯಲ್ಲಿ ಬರುವ ಬೇರೆ ವಸ್ತುಗಳದ್ದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಸುಸ್ತು. ರಾತ್ರಿ ಪಾಳಿಯವರು ನಿದ್ದೆ ಕೆಟ್ಟಿದ್ದಕ್ಕೆ ಅಂದುಕೊಂಡು ಸುಮ್ಮನಾಗುತ್ತಾರೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಷಾದ ನಿಯಮದಲ್ಲಿ ಎಂಟು ಗಂಟೆ ಕೆಲಸಕ್ಕೆ ಸರಾಸರಿ ಮಿತಿ 50 ಪಿಪಿಎಂ, ಅಲ್ಲಿನ ಕೆಲಸದ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಶ್ ಹೇಳುವುದು 35. ನಮ್ಮ ಕಡೆ ಪಾರ್ಕಿಂಗ್ ಪ್ಯಾನೆಲ್‌ಗಳಲ್ಲಿ ಅಲಾರಂನ ಮೊದಲ ಹಂತವನ್ನು 35ರ ಆಸುಪಾಸಿನಲ್ಲಿ ಇಡುವ ರೂಢಿ ಬಂದದ್ದು ಇಂಥ ಅಂಕಿಗಳಿಂದಲೇ.

ಹಾಗಾಗಿ ಪಾರ್ಕಿಂಗ್‌ಗೆ ಗೋಡೆ ಅಥವಾ ಕಂಬದ ಮೇಲಿನ ಸೆನ್ಸರೇ ಸರಿ. ಎತ್ತರ ನೆಲದಿಂದ ಸುಮಾರು 1.5 ಮೀಟರ್, ಅಂದರೆ ಮೂಗಿನ ಮಟ್ಟ. ಇಲ್ಲಿ ಎಲ್‌ಪಿಜಿ ಡಿಟೆಕ್ಟರ್ ಜೊತೆ ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಸಿಒ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ಕೆಳಗೂ ಕೂರುವುದಿಲ್ಲ, ಸೂರಿಗೂ ಅಂಟುವುದಿಲ್ಲ, ಬೆರೆತುಬಿಡುತ್ತದೆ. ಒಂದರ ಡಿಟೆಕ್ಟರ್ ಇನ್ನೊಂದರ ಕೆಲಸ ಮಾಡುತ್ತದೆ ಅಂತ ನಂಬಬೇಡಿ. ಗ್ಯಾಸ್ ಗೀಸರ್ ಇಟ್ಟುಕೊಂಡ ಮನೆಯವರಿಗೂ ಇದೇ ಮಾತು. ಎಲ್‌ಪಿಜಿ ಅಲಾರಂ ಇದೆ ಅಂದಮಾತ್ರಕ್ಕೆ ಬಾತ್‌ರೂಮಿನ ಸಿಒ ಗೊತ್ತಾಗುವುದಿಲ್ಲ.

ಹಾಗಾದರೆ ಡಕ್ಟ್ ಸೆನ್ಸರ್ ಎಲ್ಲಿಗೆ? ಅದರ ನಿಜವಾದ ಜಾಗ ಎಸಿ ಕಟ್ಟಡಗಳ ಫ್ರೆಶ್ ಏರ್ ಡಕ್ಟ್. ಬೆಂಗಳೂರಿನ ಎಷ್ಟೋ ಆಫೀಸ್ ಕಟ್ಟಡಗಳಲ್ಲಿ ಹೊಸ ಗಾಳಿ ಎಳೆಯುವ ಲೂವರ್ (ಪಟ್ಟಿಪಟ್ಟಿಯ ಜಾಲರಿ) ಕಟ್ಟಡದ ಹಿಂದೆ ಬಿಟ್ಟ ಖಾಲಿ ಜಾಗದ ಕಡೆಗಿರುತ್ತದೆ. ಅದೇ ಕಡೆ ಡಿಜಿ ಸೆಟ್ (ಡೀಸೆಲ್ ಜನರೇಟರ್), ಅದೇ ಕಡೆ ಪಾರ್ಕಿಂಗ್ ರ‍್ಯಾಂಪ್. ಕೆಲವು ಕಡೆ ಕೆಳಮಹಡಿ ಹೋಟೆಲಿನ ಇದ್ದಿಲು ತಂದೂರಿಯ ಚಿಮಣಿಯೂ ಅಲ್ಲೇ. ಇದ್ದಿಲು ಅಂದರೆ ಸಿಒ ಕಾರ್ಖಾನೆ ಅಂತಲೇ ಲೆಕ್ಕ. ಹೊಸ ಗಾಳಿ ಅಂತ ನಾವು ಎಳೆದುಕೊಳ್ಳುವುದು ಯಾರದೋ ಹೊಗೆ. ಈ ಡಕ್ಟ್‌ನಲ್ಲಿ ಗಾಳಿ ದಿನವಿಡೀ ಓಡುತ್ತಿರುತ್ತದೆ, ಆದ್ದರಿಂದ ಸೆನ್ಸರ್‌ಗೂ ಕೆಲಸ ಇದೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಡ್ರಾಯಿಂಗ್ ಮಾಡುವವರೂ ಇಲ್ಲಿ ತಪ್ಪುತ್ತಾರೆ. ಫ್ರೆಶ್ ಏರ್ ಡಕ್ಟ್‌ನಲ್ಲಿ ಸಿಒ ಸಿಕ್ಕರೆ ಅದರ ಡ್ಯಾಂಪರ್ (ಗಾಳಿಯ ದಾರಿಗೆ ಇರುವ ಬಾಗಿಲು) ಮುಚ್ಚಬೇಕು. ಹೊರಗಿನದು ಹೊರಗೇ ಇರಲಿ. ಕೋಣೆಯ ಗಾಳಿಯನ್ನು ಎಸಿಗೆ ವಾಪಸ್ ತರುವ ರಿಟರ್ನ್ ಡಕ್ಟ್‌ನಲ್ಲಿ ಸಿಕ್ಕರೆ ಅದೇ ಡ್ಯಾಂಪರನ್ನು ಪೂರ್ತಿ ತೆಗೆಯಬೇಕು, ಯಾಕಂದರೆ ಸಿಒ ಈಗಾಗಲೇ ಒಳಗಿದೆ. ಸೆನ್ಸರ್ ಒಂದೇ ಕಂಪನಿಯದು, ಒಂದೇ ಮಾಡೆಲ್, ಕೆಲಸ ಮಾತ್ರ ಪೂರಾ ಉಲ್ಟಾ. ಎರಡೂ ಸೆನ್ಸರ್‌ಗಳನ್ನು ಒಂದೇ ಟರ್ಮಿನಲ್‌ಗೆ ಪ್ಯಾರಲಲ್ ಮಾಡಿ "ಸಿಒ ಬಂದರೆ ಎಸಿ ಬಂದ್" ಅಂತ ಮುಗಿಸಿದ ಪ್ಯಾನೆಲ್‌ಗಳಿವೆ. ಒಳಗೇ ಹುಟ್ಟಿದ ವಿಷವನ್ನು ಹೊರಗೆ ಹೋಗದಂತೆ ಕೂಡಿಹಾಕುವ ವ್ಯವಸ್ಥೆ ಅದು. ಎರಡನ್ನೂ ಬೇರೆ ಬೇರೆ ಇನ್‌ಪುಟ್‌ಗೆ ತರಬೇಕು. ಎರಡೂ ಒಟ್ಟಿಗೆ ಕೂಗಿದರೆ ಏನು ಮಾಡಬೇಕು ಅನ್ನುವುದನ್ನು ಕಟ್ಟಡದವರ ಜೊತೆ ಕೂತು ಮೊದಲೇ ತೀರ್ಮಾನಿಸಬೇಕು. ಜನರನ್ನು ಹೊರಗೆ ಕಳಿಸುವುದು ಅಂತಲೇ ನನ್ನ ಉತ್ತರ.

ಈಗ ಕೂರಿಸುವ ಕೆಲಸ. ಡಕ್ಟ್ ಸೆನ್ಸರ್ ಅಂದರೆ ಹೊರಗೊಂದು ಡಬ್ಬಿ, ಡಕ್ಟ್‌ನೊಳಗೆ ಚಾಚಿಕೊಂಡ ಕೊಳವೆ. ಕೊಳವೆಯ ರಂಧ್ರಗಳು ಗಾಳಿ ಬರುವ ದಿಕ್ಕಿಗೆ ಮುಖ ಮಾಡಿರಬೇಕು. ಗಾಳಿ ಅಲ್ಲಿಂದ ನುಗ್ಗಿ, ಡಬ್ಬಿಯೊಳಗೆ ಸುತ್ತಿ, ಇನ್ನೊಂದು ದಾರಿಯಲ್ಲಿ ಡಕ್ಟ್‌ಗೇ ವಾಪಸ್ ಹೋಗುತ್ತದೆ. ಡಬ್ಬಿಯ ಮೇಲೆ ಬಾಣದ ಗುರುತಿರುತ್ತದೆ. ಏಣಿ ಮೇಲೆ ನಿಂತು, ಫಾಲ್ಸ್ ಸೀಲಿಂಗ್ ಒಳಗೆ ತಲೆ ತೂರಿಸಿ ಕೆಲಸ ಮಾಡುವಾಗ ಆ ಬಾಣ ತಲೆಕೆಳಗಾಗುವುದು ತೀರಾ ಮಾಮೂಲು. ಡಕ್ಟ್ ಮೇಲೆ ಮಾರ್ಕರ್‌ನಿಂದ ಗಾಳಿಯ ದಿಕ್ಕನ್ನು ಮೊದಲು ಬರೆದುಕೊಂಡು ಆಮೇಲೆ ಡ್ರಿಲ್ ಹಿಡಿಯಿರಿ.

ಬೆಂಡ್, ಡ್ಯಾಂಪರ್, ಫ್ಯಾನ್‌ನ ಬಾಯಿ, ಇವುಗಳ ಪಕ್ಕದಲ್ಲೇ ಬೇಡ. ಅಲ್ಲಿ ಗಾಳಿ ಸುಳಿಯುತ್ತದೆ, ನೇರ ನುಗ್ಗುವುದಿಲ್ಲ. ನೇರವಾದ ಉದ್ದ ಸಿಗುವ ಕಡೆ ಕೂರಿಸಿ. ಫ್ರೆಶ್ ಏರ್ ಸೆನ್ಸರ್ ಆದರೆ ಹೊಸ ಗಾಳಿ ರಿಟರ್ನ್ ಗಾಳಿಯ ಜೊತೆ ಬೆರೆಯುವ ಮೊದಲೇ ಇರಬೇಕು, ಬೆರೆತ ಮೇಲೆ ಓದಿದರೆ ಮತ್ತೆ ಅದೇ 160, 40ರ ಕಥೆ. ರಂಧ್ರವನ್ನು ಡಕ್ಟ್‌ನ ಪಕ್ಕಕ್ಕೆ ಕೊರೆಯಿರಿ, ಅಡಿಗೆ ಬೇಡ, ಅಡಿಯಲ್ಲಿ ನೀರು ನಿಲ್ಲುತ್ತದೆ. ಮಂಗಳೂರು, ಉಡುಪಿ ಕಡೆ ಕೆಲಸ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ಅಲ್ಲಿ ತಣ್ಣನೆ ಡಕ್ಟ್‌ನ ಇನ್ಸುಲೇಶನ್ ಕತ್ತರಿಸಿ ಹಾಗೇ ಬಿಟ್ಟರೆ ಆ ಅಂಚಿನಿಂದಲೇ ಬೆವರು ಇಳಿದು ಡಬ್ಬಿಯೊಳಗೆ ಹೋಗುತ್ತದೆ.

ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡವೇ ಬೇಡ. ಫ್ಯಾನ್ ಗಾಳಿ ಎಳೆಯುವ ಬದಿಯ ಡಕ್ಟ್‌ನಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಡಬ್ಬಿ ಎಲ್ಲಾದರೂ ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಸೆನ್ಸರ್ ಸುತ್ತ ಅದೇ ತುಂಬಿಕೊಳ್ಳುತ್ತದೆ. ಕೇಬಲ್ ಬರುವ ಪೈಪ್ ಮೂಲಕವೂ ಹೀಗಾಗುತ್ತದೆ, ಅದನ್ನು ಯಾರೂ ನೋಡುವುದೇ ಇಲ್ಲ. ಸೆನ್ಸರ್ ಆಗ ನೆಮ್ಮದಿಯಾಗಿ ಸೀಲಿಂಗ್ ಒಳಗಿನ ಗಾಳಿಯನ್ನು ಅಳೆಯುತ್ತಿರುತ್ತದೆ. ಪತ್ತೆ ಮಾಡುವುದು ಸುಲಭ. ಫ್ಯಾನ್ ಓಡುತ್ತಿರಲಿ, ಒಂದು ಊದುಬತ್ತಿ ಹಚ್ಚಿ ಡಬ್ಬಿಯ ಅಂಚಿಗೂ ಕೇಬಲ್ ಒಳಬರುವ ಗ್ಲ್ಯಾಂಡ್‌ಗೂ ಹಿಡಿಯಿರಿ. ಹೊಗೆಯ ಎಳೆ ಬಾಗಿ ಸಂದಿಯೊಳಗೆ ಹೋದರೆ ಸೋರಿಕೆ ಇದೆ. ಮುಚ್ಚುವಾಗ ಕೈಗೆ ಸಿಕ್ಕ ಸಿಲಿಕೋನ್ ಟ್ಯೂಬ್ ಹಿಂಡಬೇಡಿ. ಅದರ ಆವಿ ಕೆಲವು ಬಗೆಯ ಸೆನ್ಸರ್‌ಗಳನ್ನು ಕೆಡಿಸುತ್ತದೆ. ಮ್ಯಾನುಯಲ್ ಒಪ್ಪಿದ್ದನ್ನೇ ಬಳಸಿ.

ವೈರಿಂಗ್‌ಗೆ ಬರೋಣ. ಹೆಚ್ಚಿನ ಸೆನ್ಸರ್‌ಗಳಿಗೆ 24 ವೋಲ್ಟ್ ಡಿಸಿ ಸಪ್ಲೈ, ಔಟ್‌ಪುಟ್ 4ರಿಂದ 20 ಮಿಲಿಆಂಪ್. 4 ಅಂದರೆ ಸೊನ್ನೆ ಪಿಪಿಎಂ, 20 ಅಂದರೆ ಪೂರ್ತಿ ರೇಂಜ್. ಸೊನ್ನೆಗೂ 4 ಮಿಲಿಆಂಪ್ ಇಟ್ಟಿರುವುದರಲ್ಲಿ ಜಾಣತನ ಇದೆ. ವೈರ್ ತುಂಡಾದರೆ ಕರೆಂಟ್ ಸೊನ್ನೆಗೆ ಇಳಿಯುತ್ತದೆ, ಪ್ಯಾನೆಲ್‌ಗೆ ಅದು ಗಾಳಿ ಶುದ್ಧವಾಗಿದ್ದಕ್ಕಲ್ಲ, ಲೈನ್ ಕೆಟ್ಟಿದ್ದಕ್ಕೆ ಅಂತ ಗೊತ್ತಾಗಬೇಕು. 3.6ಕ್ಕಿಂತ ಕೆಳಗೆ ಹೋದರೆ ಫಾಲ್ಟ್ ಅಂತ ಪ್ರೋಗ್ರಾಮ್‌ನಲ್ಲಿ ಬರೆಸಿ. ಬರೆಸದಿದ್ದರೆ ಆ ಜಾಣತನವೆಲ್ಲ ವ್ಯರ್ಥ.

ನಾನು ಸೈಟಿನಲ್ಲಿ ಮೊದಲು ನೋಡುವುದು ರೇಂಜ್. ಸೆನ್ಸರ್ 0ಯಿಂದ 300 ಪಿಪಿಎಂನದು, ಪ್ಯಾನೆಲ್‌ನಲ್ಲಿ 0ಯಿಂದ 100 ಅಂತ ಹಾಕಿದ್ದಾರೆ ಅಂದುಕೊಳ್ಳಿ. ನಿಜದಲ್ಲಿ 105 ಪಿಪಿಎಂ ಆದಾಗ ಸೆನ್ಸರ್ 9.6 ಮಿಲಿಆಂಪ್ ಕೊಡುತ್ತದೆ. ಪ್ಯಾನೆಲ್ ಅದನ್ನು 35 ಅಂತ ಓದುತ್ತದೆ. ಮೊದಲ ಹಂತ ಶುರುವಾಗುವುದು ಆಗಬೇಕಾದ್ದಕ್ಕಿಂತ ಮೂರು ಪಟ್ಟು ಸಿಒ ಸೇರಿದ ಮೇಲೆ. ವೈರ್ ಸರಿ, ಸೆನ್ಸರ್ ಸರಿ, ಡಿಸ್‌ಪ್ಲೇ ಕೂಡ ಚೆನ್ನಾಗಿ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಸೆನ್ಸರ್ ಮೈಮೇಲಿನ ಲೇಬಲ್ ಮತ್ತು ಪ್ಯಾನೆಲ್‌ನ ಸೆಟ್ಟಿಂಗ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೊಂದೇ ದಾರಿ.

ಆಮೇಲೆ ಕೇಬಲ್. ಶೀಲ್ಡ್ ಇರುವ ಟ್ವಿಸ್ಟೆಡ್ ಕೇಬಲ್ ಬೇಕು, ಶೀಲ್ಡನ್ನು ಪ್ಯಾನೆಲ್ ಕಡೆ ಒಂದೇ ತುದಿಯಲ್ಲಿ ಅರ್ತ್ ಮಾಡಿ. ಫ್ಯಾನ್‌ನ ವಿಎಫ್‌ಡಿ (ಮೋಟರಿನ ಸ್ಪೀಡ್ ಬದಲಿಸುವ ಸಾಧನ) ಕೇಬಲ್ ಇರುವ ಟ್ರೇಯಲ್ಲಿ ಇದನ್ನು ಮಲಗಿಸಬೇಡಿ, ಫ್ಯಾನ್ ಸ್ಪೀಡ್ ಏರಿದಂತೆ ರೀಡಿಂಗ್ ಕುಣಿಯುತ್ತದೆ. ಒಂದೇ ಸಪ್ಲೈ ಲೈನ್ ಎಳೆದು ಸಾಲಾಗಿ ಸೆನ್ಸರ್ ಜೋಡಿಸಿದರೆ ವೋಲ್ಟೇಜ್ ಡ್ರಾಪ್ ಲೆಕ್ಕ ಹಾಕಿ. 200 ಮೀಟರ್ ದೂರದಲ್ಲಿ ಒಟ್ಟು 1 ಆಂಪ್ ಬೇಕು ಅಂದರೆ, 1.5 ಚದರ ಮಿಲಿಮೀಟರ್ ತಾಮ್ರದಲ್ಲಿ ಹೋಗಿಬರುವ ದಾರಿಗೆ ಸುಮಾರು 5 ವೋಲ್ಟ್ ಕಳೆಯುತ್ತದೆ. ಕೇಬಲ್ ಅದರ ಅರ್ಧ, ಅಂದರೆ 0.75 ಚದರ ಮಿಲಿಮೀಟರಿನದಾದರೆ ಡ್ರಾಪ್ ಸುಮಾರು 10 ವೋಲ್ಟ್, ಕೊನೆಗೆ ತಲುಪುವುದು 14. ಇದರ ಕುತಂತ್ರ ಏನೆಂದರೆ, ಸುಮ್ನೆ ಇರುವಾಗ ಎಲ್ಲ ಸರಿಯಾಗಿರುತ್ತದೆ. ಅಲಾರಂ ಬಂದು ರಿಲೇಗಳು, ಬಜರ್‌ಗಳು ಎಳೆದುಕೊಂಡಾಗ ಕರೆಂಟ್ ಏರಿ, ತುದಿಯ ಸೆನ್ಸರ್ ಅದೇ ಹೊತ್ತಿಗೆ ರೀಸೆಟ್ ಆಗಿ ಕೂರುತ್ತದೆ. ಟೆಸ್ಟ್ ಮಾಡುವಾಗ ಎಲ್ಲ ಅಲಾರಂ ಒಟ್ಟಿಗೆ ಕೂಗಿಸಿ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ.

ಸೆನ್ಸರ್ ಒಳಗಿನ ರಿಲೇಗೆ ಫ್ಯಾನ್ ಮೋಟರನ್ನು ನೇರ ಕೊಡಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಸಹಾಯಕ ರಿಲೇ, ಅದರಿಂದ ಮೋಟರಿನ ದೊಡ್ಡ ಸ್ವಿಚ್ ಆದ ಕಾಂಟ್ಯಾಕ್ಟರ್ ಕಾಯಿಲ್, ಹೀಗೆ ಹೋಗಬೇಕು. ಸಹಾಯಕ ರಿಲೇಗೆ ಕರೆಂಟ್ ಕೊಡುವ ಲೂಪಿನ ದಿಕ್ಕನ್ನು ಮಾತ್ರ ಹೆಚ್ಚಿನವರು ಉಲ್ಟಾ ಇಡುತ್ತಾರೆ. ಎಲ್ಲ ಸರಿ ಇರುವಾಗ ಲೂಪ್ ಮುಚ್ಚಿರಬೇಕು, ಸಹಾಯಕ ರಿಲೇ ಎಳೆದುಕೊಂಡಿರಬೇಕು. ಆ ರಿಲೇ ಹಿಡಿತ ಬಿಟ್ಟರೆ ಫ್ಯಾನ್ ಓಡಬೇಕು. ಆಗ ಸಿಒ ಬಂದರೂ, ಇಲಿ ವೈರ್ ಕಡಿದರೂ, 24 ವೋಲ್ಟ್ ಸಪ್ಲೈ ಸುಟ್ಟರೂ ಫಲ ಒಂದೇ, ಫ್ಯಾನ್ ಆನ್. "ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಸರ್" ಅಂತ ಅಸೋಸಿಯೇಷನ್‌ನವರು ಗೊಣಗುತ್ತಾರೆ. ಗೊಣಗಲಿ. ವೈರ್ ಕೆಟ್ಟಿದ್ದು ಅವರ ಗಮನಕ್ಕೆ ಬರುವುದೇ ಆ ಬಿಲ್‌ನಿಂದ.

ಬೆಂಕಿ ಪ್ಯಾನೆಲ್‌ನ ಆಜ್ಞೆ ಯಾವಾಗಲೂ ಸಿಒಗಿಂತ ಮೇಲೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಬೆಂಕಿಯ ವೇಳೆ ಗಂಟೆಗೆ 12 ಬಾರಿ ಗಾಳಿ ಬದಲಾಗಬೇಕು. ಆಗ "ಸಿಒ ಕಡಿಮೆಯಾಯ್ತು" ಅಂತ ಸೆನ್ಸರ್ ಫ್ಯಾನ್ ನಿಲ್ಲಿಸುವಂತಿರಬಾರದು.

ಸುಳ್ಳು ಅಲಾರಂ ಬಗ್ಗೆ ಒಂದು ಮಾತು. ಈ ಸೆನ್ಸರ್‌ಗಳಲ್ಲಿ ಹೆಚ್ಚಿನವು ಎಲೆಕ್ಟ್ರೋಕೆಮಿಕಲ್ ಸೆಲ್, ಅಂದರೆ ಅನಿಲ ತಾಗಿದಾಗ ರಾಸಾಯನಿಕ ಕ್ರಿಯೆಯಿಂದ ಸಣ್ಣ ಕರೆಂಟ್ ಕೊಡುವ ಬಗೆ. ಅವಕ್ಕೆ ಹೈಡ್ರೋಜನ್ ಕೂಡ ಸಿಒ ಥರವೇ ಕಾಣುತ್ತದೆ. ಯುಪಿಎಸ್ ಬ್ಯಾಟರಿ ರೂಮಿನ ಗಾಳಿ ಬಂದು ಸೇರುವ ಡಕ್ಟ್ ಆದರೆ, ಬ್ಯಾಟರಿ ಜೋರಾಗಿ ಚಾರ್ಜ್ ಆಗುವ ಹೊತ್ತಿಗೆ ಅಲಾರಂ ಬರುತ್ತದೆ. ಕಾರು ಒಂದೂ ಇಲ್ಲ, ಡಿಜಿ ಓಡುತ್ತಿಲ್ಲ, ರಾತ್ರಿ ಹೊತ್ತು ಕೂಗುತ್ತದೆ ಅನ್ನುವ ದೂರು ಬಂದರೆ ನಾನು ಮೊದಲು ಕೇಳುವುದು "ಬ್ಯಾಟರಿ ರೂಮ್ ಎಲ್ಲಿದೆ?" ಅಂತ. ಹಾಗಂತ ಅಲಾರಂ ಅಲಕ್ಷಿಸಬೇಡಿ. ಹೈಡ್ರೋಜನ್ ಸೇರಿಕೊಳ್ಳುವುದೂ ಒಳ್ಳೆಯದೇನಲ್ಲ, ಚಾರ್ಜರ್ ಕೆಟ್ಟಿರಬಹುದು.

ಟೆಸ್ಟ್ ಅಂದರೆ ಬೈಕ್ ಸೈಲೆನ್ಸರ್ ಮುಂದೆ ಸೆನ್ಸರ್ ಹಿಡಿಯುವುದಲ್ಲ. ಆ ಹೊಗೆಯಲ್ಲಿ ಸಿಒ ಪ್ರಮಾಣ ಸೆನ್ಸರ್‌ನ ರೇಂಜ್ ಮೀರಿರುತ್ತದೆ, ಜೊತೆಗೆ ಮಸಿ, ನೀರು, ಬಿಸಿ. ಅಲಾರಂ ಬರುತ್ತದೆ ನಿಜ, ಆದರೆ 35ಕ್ಕೆ ಬಂತೋ 350ಕ್ಕೆ ಬಂತೋ ಗೊತ್ತಾಗುವುದಿಲ್ಲ, ಮತ್ತು ಸೆಲ್ ಸುಧಾರಿಸಿಕೊಳ್ಳೋಕೆ ಹೊತ್ತು ಬೇಕು. ಅಳತೆ ಗೊತ್ತಿರುವ, 50 ಅಥವಾ 100 ಪಿಪಿಎಂನ ಕ್ಯಾಲಿಬ್ರೇಶನ್ ಗ್ಯಾಸ್ ಸಿಲಿಂಡರ್ ತರಿಸಿ. ಡಕ್ಟ್ ಸೆನ್ಸರ್‌ಗೆ ಫ್ಯಾನ್ ಓಡುವಾಗ ಒಮ್ಮೆ, ಸೆಲ್‌ಗೆ ಕ್ಯಾಪ್ ಹಾಕಿ ಒಮ್ಮೆ ಗ್ಯಾಸ್ ಬಿಟ್ಟು ನೋಡಬೇಕು. ಕ್ಯಾಪ್ ಹಾಕಿದಾಗ ಸರಿ ಓದಿ, ಕೊಳವೆಯ ಬಾಯಿಗೆ ಬಿಟ್ಟಾಗ ಏನೂ ತೋರಿಸದಿದ್ದರೆ ಸೆಲ್ ಸರಿ ಇದೆ, ಕೊಳವೆ ಕಟ್ಟಿದೆ ಅಥವಾ ತಿರುಗಿದೆ.

ಸೆಲ್‌ನ ಆಯಸ್ಸು ಸಾಮಾನ್ಯವಾಗಿ 5ರಿಂದ 7 ವರ್ಷ. ಆಮೇಲೂ ಡಿಸ್‌ಪ್ಲೇ ಬೆಳಗುತ್ತದೆ, ಹಸಿರು ದೀಪ ಇರುತ್ತದೆ, ಸೊನ್ನೆ ತೋರಿಸುತ್ತಲೇ ಇರುತ್ತದೆ. ಕೂರಿಸಿದ ತಿಂಗಳು, ವರ್ಷ ಎರಡನ್ನೂ ಡಬ್ಬಿಯ ಮೇಲೇ ಬರೆಯಿರಿ. ವಾರ್ಷಿಕ ನಿರ್ವಹಣೆ ಕರಾರಿಗೆ ಸಹಿ ಹಾಕುವಾಗ ಅದರಲ್ಲಿ "ಸೆನ್ಸರ್ ಪರಿಶೀಲನೆ" ಅಂತಷ್ಟೇ ಇದ್ದರೆ ಒಪ್ಪಬೇಡಿ. ಯಾವ ಅಳತೆಯ ಗ್ಯಾಸ್, ಎಷ್ಟು ತಿಂಗಳಿಗೊಮ್ಮೆ, ಸಿಲಿಂಡರ್ ಖರ್ಚು ಯಾರದು ಅಂತ ಬರೆಸಿಕೊಳ್ಳಿ. ಪೇಂಟಿಂಗ್ ಕೆಲಸ ಮುಗಿದ ಮರುದಿನ ಒಂದು ಸುತ್ತು ಹಾಕಿ, ಸೆನ್ಸರ್‌ಗಳ ಮೇಲೆ ಅಂಟಿಸಿದ ಮಾಸ್ಕಿಂಗ್ ಟೇಪ್ ಕಿತ್ತಿದ್ದಾರಾ ಅಂತ ನೋಡುವುದನ್ನೂ ಅದೇ ಕಾಗದಕ್ಕೆ ಸೇರಿಸಿ.