ಚುಕ್ಕೆ ಹೋಯಿತು, ಕಾಯಿಲೆ ಹೋಗಿಲ್ಲ

ಅಕ್ವೇರಿಯಂನಲ್ಲಿ ಮೀನು ಸತ್ತರೆ ನಮ್ಮಲ್ಲಿ ಒಂದು ಮಾತು ತಕ್ಷಣ ಬರುತ್ತದೆ. ‘ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತಗೊಂಡು ಹೋಯ್ತು ಬಿಡಿ.’ ವಾಸ್ತು ಹೇಳುವವರು ಈ ಮಾತನ್ನು ಇನ್ನಷ್ಟು ಗಟ್ಟಿ ಮಾಡಿದ್ದಾರೆ. ಸತ್ತ ಮೀನಿನ ಜಾಗಕ್ಕೆ ಬೇಗ ಇನ್ನೊಂದು ತಂದು ಬಿಡಬೇಕಂತೆ. ಈ ನಂಬಿಕೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಸಾವಿಗೆ ಇಷ್ಟು ಸುಲಭದ ಉತ್ತರ ಸಿಕ್ಕಿಬಿಟ್ಟರೆ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಆ ಕಾರಣ ಟ್ಯಾಂಕಿನಲ್ಲೇ ಉಳಿದಿರುತ್ತದೆ. ಹೊಸ ಮೀನು ನೇರ ಅದರ ಬಾಯಿಗೇ ಹೋಗಿ ಬೀಳುತ್ತದೆ.

ಮನೆಯ ಟ್ಯಾಂಕುಗಳನ್ನು ಜಾಸ್ತಿ ಕಾಡುವುದು ಬಿಳಿ ಚುಕ್ಕೆ ರೋಗ. ಅಂಗಡಿಯವರು ‘ವೈಟ್ ಸ್ಪಾಟ್’ ಅಥವಾ ‘ಇಕ್’ ಅನ್ನುತ್ತಾರೆ. ಮೈ, ರೆಕ್ಕೆ, ಬಾಲದ ಮೇಲೆ ರವೆ ಉದುರಿಸಿದ ಹಾಗೆ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮಡಚಿಕೊಂಡು ಮೂಲೆ ಸೇರುತ್ತದೆ. ಮನೆಯವರು ಔಷಧಿ ಹಾಕುತ್ತಾರೆ. ಎರಡು ಮೂರು ದಿನದಲ್ಲಿ ಚುಕ್ಕೆ ಮಾಯ! ಔಷಧಿ ಕೆಲಸ ಮಾಡಿತು ಅಂತ ನಿಲ್ಲಿಸುತ್ತಾರೆ. ಕೆಲವು ದಿನ ಕಳೆದ ಮೇಲೆ ಚುಕ್ಕೆ ಮತ್ತೆ ಬರುತ್ತದೆ, ಹತ್ತು ಪಟ್ಟು ಜಾಸ್ತಿಯಾಗಿ.

ಇಲ್ಲಿ ನಡೆದದ್ದೇನು ಗೊತ್ತಾ? ಚುಕ್ಕೆಯನ್ನು ಔಷಧಿ ಮುಟ್ಟಲೇ ಇಲ್ಲ. ಚುಕ್ಕೆ ತಾನಾಗಿಯೇ ಉದುರಿತು.

ಆ ಚುಕ್ಕೆ ಕೀವಲ್ಲ, ಬೂಷ್ಟೂ ಅಲ್ಲ. ಒಂದೊಂದು ಚುಕ್ಕೆಯೂ ಸಾಮಾನ್ಯವಾಗಿ ಒಂದೊಂದು ಜೀವಿ. ಅದೂ ಒಂದೇ ಒಂದು ಜೀವಕೋಶದ ಜೀವಿ. ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್. ಪೂರ್ತಿ ಬೆಳೆದಾಗ ಸುಮಾರು ಒಂದು ಮಿಲಿಮೀಟರ್ ಇರುತ್ತದೆ. ಒಂಟಿ ಜೀವಕೋಶ ಬರಿಗಣ್ಣಿಗೆ ಕಾಣುವುದೇ ದೊಡ್ಡ ಸಂಗತಿ ಅಲ್ವಾ? ಮೈತುಂಬ ಇರುವ ಸಣ್ಣ ರೋಮಗಳನ್ನು ಬಡಿಯುತ್ತಾ ಅದು ಮೀನಿನ ಚರ್ಮದ ಮೇಲ್ಪದರದ ಕೆಳಗೆ ಗಿರಗಿರ ತಿರುಗುತ್ತದೆ. ಸುತ್ತಲಿನ ಜೀವಕೋಶಗಳನ್ನು ತಿನ್ನುತ್ತಾ ದಪ್ಪವಾಗುತ್ತದೆ. ಅದರ ಮೇಲೆ ಮೀನಿನದೇ ಚರ್ಮದ ಹೊದಿಕೆ ಇದೆ. ಹಾಗಾಗಿ ನಾವು ನೀರಿಗೆ ಸುರಿಯುವ ಔಷಧಿ ಅಲ್ಲಿಗೆ ತಲುಪುವುದಿಲ್ಲ.

ಹೊಟ್ಟೆ ತುಂಬಿದ ಮೇಲೆ ಅದು ಚರ್ಮ ಹರಿದು ಹೊರಬರುತ್ತದೆ. ನಮಗೆ ಚುಕ್ಕೆ ವಾಸಿಯಾದ ಹಾಗೆ ಕಾಣುವುದು ಆಗಲೇ. ಅದು ಟ್ಯಾಂಕಿನ ತಳಕ್ಕೆ ಇಳಿದು, ಕಲ್ಲಿಗೋ ಗಿಡಕ್ಕೋ ಅಂಟಿ, ಸುತ್ತ ಲೋಳೆಯ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆಯೊಳಗೂ ಔಷಧಿ ಹೋಗುವುದಿಲ್ಲ. ಒಳಗೆ ಜೀವಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಹೋಗುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ದಿನದೊಳಗೆ ನೂರಾರು ಮರಿಗಳು ತಯಾರು. ಒಂದೇ ಜೀವಿಯಿಂದ ಸಾವಿರ ಮರಿಗಳವರೆಗೂ ಹುಟ್ಟಬಹುದು. ಗೋಡೆ ಒಡೆದುಕೊಂಡು ಹೊರಬಂದ ಮರಿಗಳು ಮೀನನ್ನು ಹುಡುಕುತ್ತಾ ಈಜುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ.

ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಅವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಂದರೆ ಚುಕ್ಕೆ ಕಾಣದ ದಿನಗಳಲ್ಲೇ ಔಷಧಿ ಬೇಕು. ಎಲ್ಲರೂ ನಿಲ್ಲಿಸುವುದೂ ಅದೇ ದಿನಗಳಲ್ಲಿ!

ಎಷ್ಟು ದಿನ ಹಾಕಬೇಕು ಎಂಬುದನ್ನು ನೀರಿನ ಬಿಸಿ ಹೇಳುತ್ತದೆ. 25 ಡಿಗ್ರಿ ಸೆಲ್ಸಿಯಸ್ ಹತ್ತಿರ ಈ ಜೀವಿಯ ಇಡೀ ಜೀವನಚಕ್ರ ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯಲ್ಲಿ ತಿಂಗಳಿಗೂ ಜಾಸ್ತಿ ಬೇಕು. ಡಿಸೆಂಬರಿನ ಬೆಂಗಳೂರಲ್ಲಿ ಹೀಟರ್ ಇಲ್ಲದ ಟ್ಯಾಂಕಿನಲ್ಲಿ ರೋಗ ನಿಧಾನ, ಹಾಗಾಗಿ ಚಿಕಿತ್ಸೆಯೂ ಉದ್ದ. ಬಿಸಿ ನೀರನ್ನು ಸಹಿಸುವ ಮೀನುಗಳಿದ್ದರೆ ಹೀಟರ್ ಇಟ್ಟು ನಿಧಾನವಾಗಿ 30 ಡಿಗ್ರಿಗೆ ಏರಿಸುವುದು ಇದಕ್ಕೇ. ಚಕ್ರ ಬೇಗ ತಿರುಗಿ ಮರಿಗಳು ಬೇಗ ಹೊರಬರುತ್ತವೆ. ಅಷ್ಟು ಬಿಸಿಯಲ್ಲಿ ಈ ರೋಗಾಣುವಿನ ಹೆಚ್ಚಿನ ತಳಿಗಳ ಸಂತಾನವೇ ಕುಂಟುತ್ತದೆ. ಆದರೆ ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಏರ್ ಪಂಪ್ ಜೋರಾಗಿ ಓಡುತ್ತಿರಲೇಬೇಕು.

ಔಷಧಿಗಳ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಈ ರೋಗಾಣುವನ್ನು ಫ್ರಾನ್ಸಿನ ಫೂಕೆ ವಿವರಿಸಿ ಹೆಸರಿಟ್ಟದ್ದು 1876ರಲ್ಲಿ. ಅದೇ ವರ್ಷ ಜರ್ಮನಿಯ ಬಿಎಎಸ್‌ಎಫ್ ಕಂಪನಿಯಲ್ಲಿ ಹೈನ್ರಿಕ್ ಕಾರೊ ಬಟ್ಟೆಗೆ ಹಾಕುವ ಒಂದು ನೀಲಿ ಬಣ್ಣ ತಯಾರಿಸಿದರು. ಅದೇ ಮೆಥಿಲೀನ್ ಬ್ಲೂ. ಈ ಬಣ್ಣ ಕೆಲವು ಜೀವಕೋಶಗಳಿಗೆ ಮಾತ್ರ ಅಂಟುತ್ತದೆ ಎಂದು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಚ್ ಗಮನಿಸಿದರು. ರೋಗಾಣುವಿಗೆ ಅಂಟುವ ಬಣ್ಣ ರೋಗಾಣುವನ್ನು ಕೊಲ್ಲಲೂಬಹುದಲ್ಲ ಎಂದು ಯೋಚಿಸಿದರು. 1891ರಲ್ಲಿ ಪಾಲ್ ಗುಟ್‌ಮನ್ ಜೊತೆ ಸೇರಿ ಮಲೇರಿಯಾ ರೋಗಿಗಳಿಗೆ ಅದನ್ನೇ ಕೊಟ್ಟರು. ಪ್ರಯೋಗಾಲಯದಲ್ಲಿ ತಯಾರಾದ ರಾಸಾಯನಿಕ ಮನುಷ್ಯರ ಸೋಂಕಿಗೆ ಔಷಧಿಯಾದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಮೀನಿನಂಗಡಿಯಲ್ಲಿ ಸಿಗುವ ಆ ನೀಲಿ ಬಾಟಲಿಗೆ ಇಂಥ ಚರಿತ್ರೆ ಇದೆ. ಬಿಳಿ ಚುಕ್ಕೆಗೆ ಇನ್ನೂ ಚೆನ್ನಾಗಿ ಕೆಲಸ ಮಾಡುವ ಮಾಲಕೈಟ್ ಗ್ರೀನ್ ಕೂಡ ಬಟ್ಟೆಯ ಬಣ್ಣವೇ. ಅದು ಅಪಾಯಕಾರಿ ರಾಸಾಯನಿಕ. ನಾವು ತಿನ್ನುವ ಮೀನಿಗೆ ಅದನ್ನು ಹಾಕುವುದು ಹಲವು ದೇಶಗಳಲ್ಲಿ ನಿಷಿದ್ಧ. ಕೈಗವಸು ಹಾಕಿಕೊಳ್ಳಿ, ಬಾಟಲಿಯ ಮೇಲಿನ ಅಳತೆ ಮೀರಬೇಡಿ. ಫಿಲ್ಟರಿನಲ್ಲಿ ಇದ್ದಿಲಿದ್ದರೆ ಮೊದಲು ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನು ಅದೇ ಹೀರಿಕೊಳ್ಳುತ್ತದೆ.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಸುರಿಯುವ ಅಭ್ಯಾಸವೂ ನಮ್ಮಲ್ಲಿದೆ. ಅದು ಬ್ಯಾಕ್ಟೀರಿಯಾದ ಔಷಧಿ. ಬಿಳಿ ಚುಕ್ಕೆಯ ಜೀವಿ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ರೋಗ ಹಾಗೇ ಉಳಿಯುತ್ತದೆ. ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸುಮ್ನೆ ಸಾಯುತ್ತವೆ. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳು ನಮ್ಮ ಚರಂಡಿಗಳಲ್ಲೇ ಬೆಳೆಯುತ್ತಿರುವಾಗ ಇದು ದೊಡ್ಡ ತಪ್ಪು.

ಎಲ್ಲ ಬಿಳಿ ಚುಕ್ಕೆಯೂ ರೋಗವಲ್ಲ. ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಎದೆಯ ಪಕ್ಕದ ರೆಕ್ಕೆಯ ಮುಂಭಾಗದಲ್ಲಿ ಬಿಳಿ ಗುಳ್ಳೆಗಳು ಏಳುತ್ತವೆ. ಮೀನು ಆರಾಮಾಗಿ ತಿಂದುಕೊಂಡು ಓಡಾಡುತ್ತಿದ್ದರೆ ಏನೂ ಮಾಡಬೇಡಿ. ಬಂಗಾರದ ಪುಡಿಯಂಥ ತೀರಾ ಸಣ್ಣ ಚುಕ್ಕೆಗಳು ಟಾರ್ಚ್ ಬೆಳಕಿನಲ್ಲಿ ಹೊಳೆದರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಬಾಯಿಯ ಸುತ್ತ ಹತ್ತಿಯ ಹಾಗಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಆಗ ನೀರು ಬಿಸಿ ಮಾಡಿದರೆ ರೋಗ ಇನ್ನೂ ಕೆರಳುತ್ತದೆ.

ಇನ್ನೊಂದು ಗುರುತು ಬಹಳ ಮುಖ್ಯ. ಚುಕ್ಕೆಯೇ ಇಲ್ಲದೆ ಎಲ್ಲ ಮೀನುಗಳೂ ಒಟ್ಟಿಗೇ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮೊದಲು ನೀರನ್ನು ಅನುಮಾನಿಸಿ. ಸೋಂಕು ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ ಹರಡುತ್ತಾ ಬರುತ್ತದೆ, ವಿಷವಾದರೆ ಎಲ್ಲಕ್ಕೂ ಒಮ್ಮೆಗೇ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ನೆಲೆಯೂರಲು ವಾರಗಳೇ ಬೇಕು. 25 ಡಿಗ್ರಿಯಲ್ಲಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7 ಇದ್ದರೆ ಅಮೋನಿಯಾದಲ್ಲಿ ವಿಷದ ರೂಪದ್ದು ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇಕಡ 5ರಷ್ಟು. ಆದ್ದರಿಂದ ಔಷಧಿಯ ಬಾಟಲಿಗಿಂತ ಮೊದಲು ಅಮೋನಿಯಾ, ಪಿಎಚ್ ನೋಡುವ ಕಿಟ್ ಕೊಳ್ಳಿ. ಅಮೋನಿಯಾ ಕಂಡರೆ ಕ್ಲೋರಿನ್ ತೆಗೆದ ನೀರಿನಿಂದ ಕಾಲು ಭಾಗ ಬದಲಿಸಿ, ಊಟ ಹಾಕುವುದನ್ನು ಎರಡು ದಿನ ನಿಲ್ಲಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕಲ್ಲು ಉಜ್ಜಿ ತೊಳೆದರೆ ಬೇಕಾದ ಬ್ಯಾಕ್ಟೀರಿಯಾವೂ ಹೋಗುತ್ತದೆ.

ಬಿಳಿ ಚುಕ್ಕೆಯೇ ಖಚಿತವಾದರೆ ಚುಕ್ಕೆ ಇರುವ ಮೀನನ್ನು ಮಾತ್ರ ಬಕೆಟ್ಟಿಗೆ ಹಾಕಿ ಔಷಧಿ ಕೊಟ್ಟರೆ ಸಾಲದು. ಮರಿಗಳು ಟ್ಯಾಂಕಿನ ತಳದಲ್ಲಿವೆ. ತಳದ ಕಸವನ್ನು ಪೈಪಿನಿಂದ ಎಳೆದು ಹಾಕುತ್ತಿರಿ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ಪೂರ್ತಿ ಚಕ್ರ ಮುಗಿಯುವವರೆಗೆ ಔಷಧಿ ನಡೆಯಲಿ. ರೋಗದಿಂದ ಬದುಕಿ ಬಂದ ಮೀನುಗಳಿಗೆ ನಿರೋಧಕ ಶಕ್ತಿ ಬರುತ್ತದೆ. ಅವುಗಳ ಮೈಮೇಲೆ ಏನೂ ಕಾಣದಿದ್ದರೂ ಕಿವಿರಿನಲ್ಲಿ ಕೆಲವು ರೋಗಾಣುಗಳು ಉಳಿದಿರಬಹುದು. ಹಳೆಯ ಮೀನುಗಳೆಲ್ಲ ಆರಾಮಾಗಿದ್ದು, ತಂದು ಬಿಟ್ಟ ಹೊಸ ಮೀನಿಗೆ ಮಾತ್ರ ಪ್ರತಿ ಸಲವೂ ಚುಕ್ಕೆ ಬರುತ್ತಿದ್ದರೆ ಅಂಗಡಿಯವರನ್ನು ಮಾತ್ರ ಬೈಯಬೇಡಿ. ಇಡೀ ಟ್ಯಾಂಕಿಗೇ ಚಿಕಿತ್ಸೆ ಬಾಕಿ ಇರಬಹುದು.